ಲ್ಯಾಪ್‌ಟಾಪ್ ಬಿಸಿಯಾಗಿ ಸ್ಲೋ ಆಗ್ತಿದ್ರೆ ಫಾರ್ಮ್ಯಾಟ್ ಮಾಡ್ಸೋ ಮುಂಚೆ ಫ್ಯಾನ್ ಬಿಚ್ಚಿಸಿ ನೋಡಿ

ಪ್ರಶ್ನೆ: ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರೀಲಿ ನಮ್ಮೂರು. ಐದು ವರ್ಷದ ಲ್ಯಾಪ್‌ಟಾಪ್, ಐ5 ಹತ್ತನೇ ಜನರೇಷನ್, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದೆ. ಮನೆಯಿಂದಲೇ ಕೆಲಸ ಮಾಡ್ತೀನಿ. ವಿಡಿಯೋ ಕಾಲ್ ಶುರುವಾಗಿ ಇಪ್ಪತ್ತು ನಿಮಿಷ ಆದ್ರೆ ಫ್ಯಾನ್ ಜೋರಾಗಿ ಕೂಗುತ್ತೆ, ಕೀಬೋರ್ಡ್ ಮೇಲೆ ಕೈ ಇಡಕ್ಕಾಗಲ್ಲ, ಆಮೇಲೆ ಮೌಸ್ ಕೂಡ ತಡವರಿಸತ್ತೆ. ಅಂಗಡೀಲಿ ಫಾರ್ಮ್ಯಾಟ್ ಮಾಡಿ ಕೊಟ್ರು, ಎರಡು ದಿನ ಚೆನ್ನಾಗಿತ್ತು, ಮತ್ತೆ ಅದೇ ಕಥೆ. ಹೊಸದು ತಗೊಳೋದೇ ವಾಸಿನಾ?

ಉತ್ತರ:

ಹೊಸದು ತಗೋಬೇಡಿ, ಇನ್ನೊಂದ್ಸಲ ಫಾರ್ಮ್ಯಾಟೂ ಮಾಡ್ಸಬೇಡಿ. ನೀವು ಬರ್ದಿರೋದ್ರಲ್ಲಿ ನಂಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದಿದ್ದು "ಇಪ್ಪತ್ತು ನಿಮಿಷ ಆದ್ರೆ" ಅನ್ನೋ ಮಾತು. ಆನ್ ಮಾಡಿದ ಹೊತ್ತಿಂದಲೇ ಸ್ಲೋ ಇದ್ರೆ ಡಿಸ್ಕು, ರ‍್ಯಾಮು, ವೈರಸ್ಸು ಅಂತ ಬೇರೆ ಬೇರೆ ಕಡೆ ಹುಡುಕ್ಬೇಕಿತ್ತು, ಆದ್ರೆ ಶುರೂಲಿ ಚೆನ್ನಾಗಿದ್ದು ಬಿಸಿ ಏರಿದ್ಮೇಲೆ ಮಾತ್ರ ಸ್ಲೋ ಆಗತ್ತೆ ಅಂದ್ರೆ ಅದು ಸಾಫ್ಟ್‌ವೇರ್ ಕಾಯಿಲೆ ಅಲ್ಲ, ಒಳಗಿನ ಬಿಸಿ ಹೊರಗೆ ಹೋಗಕ್ಕೆ ದಾರಿ ಇಲ್ಲ ಅಂತ ಅರ್ಥ. ಫಾರ್ಮ್ಯಾಟ್ ಮಾಡಿದ್ರೆ ವಿಂಡೋಸ್ ಹೊಸದಾಗತ್ತೆ, ಧೂಳು ಇದ್ದಲ್ಲೇ ಇರತ್ತೆ. ಎರಡು ದಿನ ಚೆನ್ನಾಗಿತ್ತು ಅಂದ್ರಲ್ಲ, ಆ ಎರಡು ದಿನ ನೀವು ಪ್ರೋಗ್ರಾಂಗಳನ್ನ ಒಂದೊಂದಾಗಿ ವಾಪಸ್ ಹಾಕ್ಕೊಳ್ತಾ ಇದ್ದಿರ್ತೀರಿ, ಉದ್ದುದ್ದ ಕಾಲ್ ಇರಲಿಲ್ಲ ಅನ್ಸತ್ತೆ, ಅದಕ್ಕೆ ಬಿಸಿ ಅಷ್ಟು ಏರಲಿಲ್ಲ.

ಸ್ಲೋ ಆಗೋದು ಯಾಕೆ ಅಂತ ಒಂದ್ಸಲ ಅರ್ಥ ಮಾಡ್ಕೊಂಡ್ರೆ ಮುಂದಿಂದೆಲ್ಲ ಸುಲಭ. ನಿಮ್ಮ ಪ್ರೊಸೆಸರ್ ಚಿಪ್ ಒಂದು ಉಗುರಿನಷ್ಟು ಜಾಗ, ಕೆಲಸ ಜಾಸ್ತಿ ಇರೋವಾಗ ಅದ್ರಿಂದ ಹದಿನೈದು ಇಪ್ಪತ್ತು ವ್ಯಾಟ್ ಬಿಸಿ ಬರ್ತಾನೇ ಇರತ್ತೆ. ಅದರ ಮೇಲೆ ಬಿಸಿ ದಾಟಿಸೋ ಪೇಸ್ಟ್ ಹಚ್ಚಿ ಒಂದು ತಾಮ್ರದ ತಗಡು ಕೂರಿಸಿರ್ತಾರೆ, ಅದರಿಂದ ಒಂದು ಚಪ್ಪಟೆ ತಾಮ್ರದ ಕೊಳವೆ ಹೊರಟು ಫ್ಯಾನ್ ಪಕ್ಕಕ್ಕೆ ಹೋಗತ್ತೆ. ಆ ಕೊಳವೆ ಒಳಗೆ ಒಂಚೂರು ನೀರಿರತ್ತೆ, ಚಿಪ್ ಕಡೆ ತುದೀಲಿ ಆವಿಯಾಗಿ ಇನ್ನೊಂದು ತುದಿಗೆ ಹೋಗಿ ತಣಿದು ನೀರಾಗಿ ವಾಪಸ್ ಬರತ್ತೆ, ಇಡ್ಲಿ ಪಾತ್ರೆ ಮುಚ್ಚಳದ ಅಡೀಲಿ ಹಬೆ ನೀರಾಗಿ ತೊಟ್ಟಿಕ್ಕತ್ತಲ್ಲ ಹಾಗೆ. ಆ ತಣಿಯೋ ತುದೀಲಿ ಬಾಚಣಿಗೆ ಹಲ್ಲಿನ ಥರ ತೆಳು ತಗಡುಗಳ ಸಾಲಿದೆ, ಫ್ಯಾನ್ ಗಾಳಿ ಆ ಸಂದುಗಳಲ್ಲಿ ನುಗ್ಗಿ ಬಿಸಿನ ಹೊರಗೆ ತಳ್ಳತ್ತೆ. ಆ ಸಂದುಗಳು ಒಂದು ಮಿಲಿಮೀಟರ್ ಆಸುಪಾಸು ಅಷ್ಟೇ. ಅಲ್ಲಿ ಗಾಳಿ ನಿಂತ್ರೆ ಚಿಪ್ ಬಿಸಿ ಏರ್ತಾ ಹೋಗಿ 95 - 100 ಡಿಗ್ರಿ ಮುಟ್ಟತ್ತೆ, ಆಗ ಚಿಪ್ ತನ್ನನ್ನ ತಾನು ಉಳಿಸ್ಕೊಳಕ್ಕೆ ವೇಗ ಇಳಿಸತ್ತೆ. ನಿಮ್ಮ ಮೌಸ್ ತಡವರಿಸೋದು ಆಗ್ಲೇ. ಅಂದ್ರೆ ಯಂತ್ರ ಹಾಳಾಗಿಲ್ಲ, ಹಾಳಾಗದ ಹಾಗೆ ನೋಡ್ಕೊಳ್ತಾ ಇದೆ, ಇನ್ನೂ ಬಿಸಿ ಏರಿದ್ರೆ ತಾನಾಗೇ ಆಫ್ ಆಗತ್ತೆ.

ಈಗ ದುಡ್ಡು ಖರ್ಚು ಮಾಡೋ ಮುಂಚೆ ಅಳತೆ ಮಾಡಿ. ಇದೊಂದನ್ನ ದಯವಿಟ್ಟು ಬಿಡಬೇಡಿ, ಯಾಕಂದ್ರೆ ಊಹೆ ಮೇಲೆ ರಿಪೇರಿ ಮಾಡ್ಸಿ ದುಡ್ಡು ಕಳ್ಕೊಂಡೋರನ್ನ ನಾನು ತುಂಬಾ ನೋಡಿದೀನಿ. ಹೆಚ್‌ಡಬ್ಲ್ಯೂ ಇನ್ಫೋ ಅಥವಾ ಕೋರ್ ಟೆಂಪ್ ಅಂತ ಫ್ರೀ ಪ್ರೋಗ್ರಾಂ ಇದೆ, ಹಾಕ್ಕೊಳಿ. ಏನೂ ಕೆಲಸ ಇಲ್ಲದಾಗ ಹತ್ತು ನಿಮಿಷ ಬಿಟ್ಟು ಒಂದ್ಸಲ ನೋಡಿ, 40 - 50 ಡಿಗ್ರಿ ಇದ್ರೆ ಸರಿ. ಆಮೇಲೆ ಯಾವತ್ತಿನ ಹಾಗೆ ಕಾಲ್ ಮಾಡಿ, ಇಪ್ಪತ್ತು ನಿಮಿಷ ಆದ್ಮೇಲೆ ನೋಡಿ. 70 - 85 ಇದ್ರೆ ಲ್ಯಾಪ್‌ಟಾಪಿಗೆ ಅದು ಮಾಮೂಲಿ, ಭಯ ಬೇಡ. 95 ದಾಟ್ತಾ ಇದ್ರೆ ಅಥವಾ ಹೆಚ್‌ಡಬ್ಲ್ಯೂ ಇನ್ಫೋದಲ್ಲಿ ಥರ್ಮಲ್ ಥ್ರಾಟ್ಲಿಂಗ್ (ಬಿಸಿಗೆ ವೇಗ ಇಳಿಸೋದು) ಅನ್ನೋದ್ರ ಮುಂದೆ ಯೆಸ್ ಅಂತ ಬಂದ್ರೆ ಕಾಯಿಲೆ ಗ್ಯಾರಂಟಿ ಆಯ್ತು. ಜೊತೆಗೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೀರಿ, ಪರ್ಫಾರ್ಮೆನ್ಸ್ ಅನ್ನೋ ಕಡೆ ಸಿಪಿಯು ಒತ್ತಿದ್ರೆ ಸ್ಪೀಡ್ ಅಂತ ಒಂದು, ಬೇಸ್ ಸ್ಪೀಡ್ ಅಂತ ಒಂದು ನಂಬರ್ ಕಾಣತ್ತೆ. ನಿಮ್ಮಂಥ ಹತ್ತನೇ ಜನರೇಷನ್ ಐ5ನಲ್ಲಿ ಬೇಸ್ ಸ್ಪೀಡ್ ಮಾಡೆಲ್ ಮೇಲೆ 1.0, 1.6 ಗಿಗಾಹರ್ಟ್ಸ್ ಹೀಗೆ ಬೇರೆ ಬೇರೆ ಇರತ್ತೆ, ಆದ್ರೆ ಆರಾಮಾಗಿ ಅದಕ್ಕಿಂತ ತುಂಬಾ ಮೇಲೆ ಓಡತ್ತೆ. ಕೆಲಸ ಜಾಸ್ತಿ ಇರೋವಾಗ ಸ್ಪೀಡು ಬೇಸ್‌ಗಿಂತ ಕೆಳಗೆ ಬಿದ್ದು ಅಲ್ಲೇ ಕೂತಿದ್ರೆ ಅದೇ ನಿಮ್ಮ ತೊಂದ್ರೆ. ಒಂದು ವಿಷಯ ಗೊತ್ತಿರಲಿ, ಮೊದಲ ಅರ್ಧ ನಿಮಿಷ 3.5 - 4ರ ತನಕ ಹೋಗಿ ಆಮೇಲೆ 2.5 ಆಸುಪಾಸಿಗೆ ಇಳಿಯೋದು ದೋಷ ಅಲ್ಲ, ಹೊಸ ಲ್ಯಾಪ್‌ಟಾಪಲ್ಲೂ ಹಾಗೇ, ಅದನ್ನ ಹಾಗೇ ಮಾಡಿದಾರೆ.

ಇನ್ನೊಂದು ಪರೀಕ್ಷೆ ಇದೆ. ಬಿಸಿ 50ರಲ್ಲೇ ಇದ್ದು ಸ್ಪೀಡು ಮಾತ್ರ 0.4 ಅಥವಾ 0.8ರಲ್ಲಿ ನಿಂತಿದ್ರೆ ಧೂಳಿನ ಮೇಲೆ ಅನುಮಾನ ಬೇಡ, ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಓಡಿಸಿ ನೋಡಿ, ಆಗ ಸ್ಪೀಡು ಏರಿದ್ರೆ ಅನುಮಾನ ಚಾರ್ಜರ್ ಮೇಲೆ. ಒರಿಜಿನಲ್ ಅಡಾಪ್ಟರ್ ಹೋಗಿದೆ ಅಂತ ಡೂಪ್ಲಿಕೇಟ್ ತಗೊಂಡಿದ್ರೆ ಕೆಲವು ಲ್ಯಾಪ್‌ಟಾಪ್ ಅದನ್ನ ಗುರುತು ಹಿಡಿಯಲ್ಲ, ಹುಷಾರಾಗಿರ್ಲಿ ಅಂತ ವೇಗ ಪೂರ್ತಿ ಇಳಿಸ್ಬಿಡತ್ತೆ. ಹಳ್ಳಿ ಕಡೆಯೋರು ಇದಕ್ಕೆಲ್ಲ ಲೋ ವೋಲ್ಟೇಜ್ ಕಾರಣ ಅಂತಾರೆ. ಅಡಾಪ್ಟರ್ ಹಿಂದೆ ಓದಿ ನೋಡಿ, 100 - 240 ವೋಲ್ಟ್ ಅಂತ ಬರ್ದಿರತ್ತೆ, ಸಂಜೆ ಕರೆಂಟು 170ಕ್ಕೆ ಇಳಿದ್ರೂ ಅದಕ್ಕೆ ಸಾಕು.

ಈಗ ನಮ್ಮ ಮಲೆನಾಡಿನ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ಬೇರೆ ಊರಿನೋರು ಕೊಡೋ ಸಲಹೆ ನಮಗೆ ಪೂರ್ತಿ ಹೊಂದಲ್ಲ. ಬಯಲುಸೀಮೆ ಲ್ಯಾಪ್‌ಟಾಪ್ ಬಿಚ್ಚಿದ್ರೆ ಒಣ ಧೂಳು ಇರತ್ತೆ, ಬ್ಲೋವರ್ ಹಿಡಿದ್ರೆ ಹಾರಿ ಹೋಗತ್ತೆ. ತೀರ್ಥಹಳ್ಳಿ, ಹೊಸನಗರ, ಸಾಗರ ಕಡೆಯಿಂದ ಬರೋದು ಹಾಗಿರಲ್ಲ. ಆಗುಂಬೇಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ದಾಟಿ ಮಳೆ ಬೀಳತ್ತೆ, ಜೂನಿಂದ ಸೆಪ್ಟೆಂಬರ್ ತನಕ ಗೋಡೆ, ಬಟ್ಟೆ, ಪುಸ್ತಕ ಎಲ್ಲ ತೇವ ಹಿಡ್ಕೊಂಡೇ ಇರತ್ತೆ. ಲ್ಯಾಪ್‌ಟಾಪ್ ಒಳಗೆ ಹೋದ ಧೂಳೂ ಅದೇ ತೇವಕ್ಕೆ ಅಂಟಿಕೊಳತ್ತೆ. ಅದರ ಮೇಲೆ ಬಚ್ಚಲ ಒಲೆ ಹೊಗೆ, ಅಡಿಗೆ ಮನೆ ಒಗ್ಗರಣೆ ಜಿಡ್ಡು. ಅಡಿಕೆ ಸುಲಿಯೋ ಕಾಲ ಬಂತಂದ್ರೆ ಅಂಗಳದ ತುಂಬ ಸಿಪ್ಪೆ ನಾರು, ಬೇಯಿಸೋ ಹಂಡೆ ಒಲೆ ಹೊಗೆ, ಒಣಗಿದ ಅಡಿಕೆ ಕೆದಕಿದಾಗ ಏಳೋ ಸಣ್ಣ ಪುಡಿ. ಇಷ್ಟೂ ಸೇರಿ ಫ್ಯಾನಿಗೂ ಆ ತಗಡಿನ ಹಲ್ಲುಗಳಿಗೂ ಮಧ್ಯ ಒಂದು ಪದರ ಕಟ್ಟತ್ತೆ, ಕೈಲಿ ಎತ್ತಿದ್ರೆ ಕಂಬಳಿ ಚೂರು ಎತ್ತಿದ ಹಾಗೆ ಒಂದೇ ತುಂಡಾಗಿ ಬರತ್ತೆ. ಒಬ್ರ ಲ್ಯಾಪ್‌ಟಾಪ್ ಅಡಿಕೆ ಬೇಯಿಸೋ ಕೊಟ್ಟಿಗೆ ಪಕ್ಕದ ಕೋಣೇಲೇ ಇಟ್ಟಿದ್ರು, ಎರಡೇ ವರ್ಷದ್ದು, ಬಿಚ್ಚಿದಾಗ ಫ್ಯಾನ್ ಎಲೆಗಳು ಪೂರ್ತಿ ಕಪ್ಪು, ಬೆರಳಲ್ಲಿ ಮುಟ್ಟಿದ್ರೆ ಕಾಡಿಗೆ ಥರ ಹತ್ಕೊಳ್ತಿತ್ತು. ಅದನ್ನ ಗಾಳಿ ಊದಿ ತೆಗೆಯಕ್ಕೆ ಆಗ್ತಾನೇ ಇರಲಿಲ್ಲ, ಬ್ರಷ್ ಹಿಡಿದು ಉಜ್ಜಿದ್ಮೇಲೇ ಹೋಗಿದ್ದು. ಕ್ಲೀನ್ ಮಾಡಿ ಹೊಸ ಪೇಸ್ಟ್ ಹಾಕಿ ಅದೇ ಕೆಲಸ ಕೊಟ್ಟು ನೋಡಿದ್ರೆ 98 ಇದ್ದಿದ್ದು 76ಕ್ಕೆ ನಿಂತ್ತು. ಅವರೂ ಹೊಸದು ತಗೊಳಕ್ಕೆ ದುಡ್ಡು ಎತ್ತಿಟ್ಟಿದ್ರು.

ಅದಕ್ಕೇ ಹೊರಗಿನ ಜಾಲರಿ ತೂತಿಗೆ ಬ್ಲೋವರ್ ಹಿಡಿದು "ಸರ್ವೀಸ್ ಆಯ್ತು" ಅಂದ್ರೆ ಒಪ್ಕೋಬೇಡಿ. ಹೊರಗಿಂದ ಊದಿದ್ರೆ ಆ ಕಂಬಳಿ ಚೂರು ಒಂಚೂರು ಹಿಂದೆ ಸರಿಯತ್ತೆ, ಫ್ಯಾನ್ ತಿರುಗಿದ ಕೂಡ್ಲೇ ವಾಪಸ್ ಬಂದು ಅದೇ ಜಾಗದಲ್ಲಿ ಕೂರತ್ತೆ. ಜೊತೆಗೆ ಬ್ಲೋವರ್ ಗಾಳಿಗೆ ಫ್ಯಾನ್ ಅದರ ಮಿತಿ ಮೀರಿ ತಿರುಗಿ ಬೇರಿಂಗ್ ಹಾಳಾಗತ್ತೆ, ಊದೋವಾಗ ಎಲೆಗಳನ್ನ ಒಂದು ಕಡ್ಡೀಲಿ ತಡೆದು ಹಿಡೀಲೇಬೇಕು. ಮನೇಲಿರೋ ವ್ಯಾಕ್ಯೂಮ್ ಕ್ಲೀನರ್ ಒಳಗೆ ಹಾಕಬೇಡಿ, ಅದರ ಮೂತೀಲಿ ಸ್ಟ್ಯಾಟಿಕ್ ಕರೆಂಟ್ ಹುಟ್ಟತ್ತೆ, ಬೋರ್ಡಿಗೆ ಅಪಾಯ.

ನೀವೇ ಬಿಚ್ಚಬಹುದಾ? ವಾರಂಟಿ ಮುಗಿದಿದೆ, ಕೈ ಸ್ವಲ್ಪ ನಿಧಾನ ಇದೆ, ಅವಸರ ಇಲ್ಲ ಅಂದ್ರೆ ಖಂಡಿತ ಬಿಚ್ಚಬಹುದು, ಮಾಡೆಲ್ ನಂಬರ್ ಹಾಕಿ ಹುಡುಕಿದ್ರೆ ಹೆಚ್ಚಿನ ಲ್ಯಾಪ್‌ಟಾಪಿಗೆ ವಿಡಿಯೋ ಸಿಗತ್ತೆ, ಪೂರ್ತಿ ಒಂದ್ಸಲ ನೋಡಿ ಆಮೇಲೆ ಶುರು ಮಾಡಿ. ಶಟ್‌ಡೌನ್ ಮಾಡಿ, ಚಾರ್ಜರ್ ತೆಗೀರಿ. ಸ್ಕ್ರೂಗಳು ಉದ್ದ ಗಿಡ್ಡ ಇರತ್ತೆ, ಒಂದು ಪೇಪರ್ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರೆದು ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಟೇಪ್ ಹಾಕಿ ಅಂಟಿಸಿ, ಗಿಡ್ಡದ ಜಾಗಕ್ಕೆ ಉದ್ದದ್ದು ಹಾಕಿ ತಿರುವಿದ್ರೆ ಬೋರ್ಡೋ ಕೀಬೋರ್ಡೋ ತೂತಾಗತ್ತೆ. ಕೆಲವು ಸ್ಕ್ರೂ ರಬ್ಬರ್ ಕಾಲಿನ ಅಡಿ ಅಡಗಿರತ್ತೆ, ಮುಚ್ಚಳ ಬರ್ತಿಲ್ಲ ಅಂದ್ರೆ ಬಲ ಹಾಕಬೇಡಿ, ಒಂದು ಸ್ಕ್ರೂ ಎಲ್ಲೋ ಉಳಿದಿದೆ ಅಂತ್ಲೇ ಲೆಕ್ಕ. ಹಳೇ ಎಟಿಎಂ ಕಾರ್ಡು ಅಂಚಲ್ಲಿ ತೂರಿಸಿ ನಿಧಾನ ಕ್ಲಿಪ್ ಬಿಡಿಸಿ. ಮುಚ್ಚಳ ತೆಗೆದ ಕೂಡ್ಲೇ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸೋದು, ಅದು ಆಗದೆ ಬೇರೆ ಏನೂ ಮುಟ್ಟಬೇಡಿ.

ಆಮೇಲೆ ಫ್ಯಾನಿನ ಎರಡು ಮೂರು ಸ್ಕ್ರೂ ಬಿಚ್ಚಿ ಫ್ಯಾನನ್ನೇ ಹೊರಗೆ ತೆಗೀರಿ. ಆ ಕಂಬಳಿ ಚೂರು ಆಗ ಕಾಣತ್ತೆ, ಚಿಮಟದಲ್ಲಿ ಎತ್ತಿ, ಹಲ್ಲುಗಳ ಸಂದೀಲಿ ಮೆತ್ತನೆ ಪೇಂಟಿಂಗ್ ಬ್ರಷ್ ಆಡಿಸಿ. ಫ್ಯಾನ್ ಎಲೆ ಮೇಲಿನ ಜಿಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ತೇವ ಮಾಡಿದ ಇಯರ್ ಬಡ್ ಸಾಕು. ಸ್ಯಾನಿಟೈಸರ್ ಬಳಸಬೇಡಿ, ಅದರಲ್ಲಿ ಗ್ಲಿಸರಿನ್ ಥರದ್ದು ಸೇರಿರತ್ತೆ, ಜಿಡ್ಡು ಅಲ್ಲೇ ಉಳಿಯತ್ತೆ. ಫ್ಯಾನ್ ಕೈಲಿ ತಿರುಗಿಸಿದಾಗ ಗರಗರ ಅಂದ್ರೆ ಅಥವಾ ಅಲ್ಲಾಡಿದ್ರೆ ಫ್ಯಾನೇ ಬದಲಾಯ್ಸಿ. ಕೊಬ್ಬರಿ ಎಣ್ಣೆ ಬಿಟ್ಟು ಸರಿ ಮಾಡ್ಕೊಂಡೋರಿದಾರೆ, ಒಂದೆರಡು ವಾರ ಸದ್ದು ನಿಲ್ಲತ್ತೆ, ಆಮೇಲೆ ಆ ಎಣ್ಣೆಗೇ ಧೂಳು ಕೂತು ಫ್ಯಾನ್ ಪೂರ್ತಿ ನಿಲ್ಲತ್ತೆ.

ಪೇಸ್ಟ್ ವಿಷಯ. ಐದು ವರ್ಷ ಆಗಿದೆ ಅಂದ್ರೆ ಒಳಗಿನ ಪೇಸ್ಟ್ ಒಣಗಿ ಸುಣ್ಣದ ಥರ ಆಗಿರೋ ಸಾಧ್ಯತೆ ಜಾಸ್ತಿ, ಬಿಚ್ಚಿದ್ಮೇಲೆ ಅದನ್ನೂ ಮುಗಿಸಿಬಿಡಿ. ಹೀಟ್‌ಸಿಂಕ್ (ಚಿಪ್ ಮೇಲಿನ ಆ ತಾಮ್ರದ ತಗಡು) ಸ್ಕ್ರೂಗಳ ಪಕ್ಕ 1, 2, 3, 4 ಅಂತ ಅಚ್ಚಾಗಿರತ್ತೆ, ಹಾಕೋವಾಗ ಆ ನಂಬರಿನ ಪ್ರಕಾರ ಒಂದೊಂದನ್ನೂ ಸ್ವಲ್ಪ ಸ್ವಲ್ಪ ಬಿಗಿ ಮಾಡ್ತಾ ಬನ್ನಿ, ಬಿಚ್ಚೋವಾಗ ತಿರುಗಾಮುರುಗ. ಒಂದೇ ಮೂಲೆ ಪೂರ್ತಿ ಬಿಗಿ ಮಾಡಿದ್ರೆ ಮೇಲೆ ಕವಚ ಇಲ್ಲದ ಆ ಚಿಪ್ಪಿನ ಅಂಚು ಒಡೆಯಬಹುದು. ಹಳೇದನ್ನ ಆಲ್ಕೋಹಾಲಲ್ಲಿ ಕನ್ನಡಿ ಥರ ಆಗೋ ತನಕ ಒರೆಸಿ. ಆರ್ಕ್ಟಿಕ್ ಎಂಎಕ್ಸ್-4, ಎಂಎಕ್ಸ್-6 ಇಂಥ ಹೆಸರಿರೋ ಪೇಸ್ಟ್ ತಗೊಳಿ, ಸಣ್ಣ ಟ್ಯೂಬ್ ಕೆಲವು ನೂರು ರೂಪಾಯಿ, ಅಂಗಡೀಲಿ ದೊಡ್ಡ ಡಬ್ಬದಿಂದ ಬಳಿಯೋ ಬಿಳಿ ಪೇಸ್ಟ್ ಬೇಗ ಒಣಗತ್ತೆ. ಚಿಪ್ ಪೂರ್ತಿ ಮುಚ್ಚೋ ಹಾಗೆ ತೆಳು ಪದರ ಸಾಕು, ದಪ್ಪ ಬಳಿದ್ರೆ ಅದೇ ಬಿಸಿಗೆ ಅಡ್ಡ ಆಗತ್ತೆ. ಪಕ್ಕದ ಸಣ್ಣ ಚಿಪ್ಪುಗಳ ಮೇಲೆ ಮೆತ್ತನೆ ರಬ್ಬರ್ ಥರ ಪ್ಯಾಡ್ ಇದ್ರೆ ಹರಿಯದ ಹಾಗೆ ವಾಪಸ್ ಕೂರ್ಸಿ, ಹರಿದ್ರೆ ಅದೇ ದಪ್ಪದ್ದೇ ಬೇಕು, ಅಲ್ಲಿ ಪೇಸ್ಟ್ ಬಳಿದು ತುಂಬಿಸೋದು ಆಗಲ್ಲ.

ಬಿಚ್ಚಿದಾಗ ಎರಡು ವಿಷಯ ಕಣ್ಣಿಟ್ಟು ನೋಡಿ. ಬೋರ್ಡ್ ಮೇಲೆ ಎಲ್ಲಾದ್ರೂ ಹಸಿರು ಅಥವಾ ಬಿಳಿ ಪುಡಿ ಥರ ಕಿಲುಬು ಹಿಡಿದಿದ್ಯಾ, ಇರುವೆ ಗೂಡು ಕಟ್ಟಿದ್ಯಾ. ಮಳೆಗಾಲದಲ್ಲಿ ಬೆಚ್ಚಗಿನ ಒಣ ಜಾಗ ಹುಡುಕ್ಕೊಂಡು ಇರುವೆ, ಜಿರಳೆ ಒಳಗೆ ಹೋಗೋದು ನಮ್ಮಲ್ಲಿ ಮಾಮೂಲಿ, ಮೊಟ್ಟೆ ಸಮೇತ ಸಿಗತ್ತೆ. ಒಳಗೆ ಸ್ಪ್ರೇ ಹೊಡೀಬೇಡಿ, ಬ್ರಷ್‌ನಲ್ಲಿ ತೆಗೀರಿ. ಕಿಲುಬು ಕಂಡ್ರೆ ಮಾತ್ರ ನಿಮ್ಮ ಕೈಲಿ ಬೇಡ, ಬೋರ್ಡ್ ಕೆಲಸ ಗೊತ್ತಿರೋರ ಹತ್ರ ಕೊಡಿ.

ಬ್ಯಾಟರಿ ಊದಿದ್ಯಾ ಅಂತ ನೋಡೋದು ಎಲ್ಲಕ್ಕಿಂತ ಮುಖ್ಯ. ಇದನ್ನ ಬಿಚ್ಚದೇನೂ ಗೊತ್ತು ಮಾಡ್ಕೋಬಹುದು, ಮೇಜಿನ ಮೇಲಿಟ್ಟರೆ ಲ್ಯಾಪ್‌ಟಾಪ್ ಅಲ್ಲಾಡತ್ತೆ, ಟಚ್‌ಪ್ಯಾಡ್ ಮೇಲೆದ್ದಿರತ್ತೆ ಅಥವಾ ಕ್ಲಿಕ್ ಆಗಲ್ಲ. ಹಾಗಿದ್ರೆ ಚಾರ್ಜ್ ಹಾಕೋದು ಈ ಕ್ಷಣವೇ ನಿಲ್ಲಿಸಿ. ವರ್ಷಗಟ್ಟಲೆ ಬಿಸೀಲಿ ಓಡಿದ ಲಿಥಿಯಂ ಬ್ಯಾಟರಿ ಹೀಗಾಗತ್ತೆ, ಅದು ತೂತಾದ್ರೆ ಬೆಂಕಿ ಹತ್ಕೊಳತ್ತೆ, ನೀರು ಹಾಕಿದ ಕೂಡ್ಲೇ ಆರೋ ಬೆಂಕಿ ಅಲ್ಲ ಅದು. ಚುಚ್ಚೋದು, ಒತ್ತೋದು, ತಿಪ್ಪೆಗೆ ಎಸೆಯೋದು, ಒಲೆಗೆ ಹಾಕೋದು ಯಾವುದೂ ಬೇಡ. ಮನೇಲಿ ಮಕ್ಕಳು ಇರ್ತಾರೆ, ದನ ಕರು ಇರತ್ತೆ. ಹೊಸ ಬ್ಯಾಟರಿ ಹಾಕ್ಸೋ ಕಡೇನೇ ಹಳೇದನ್ನ ಕೊಟ್ಟು ಬನ್ನಿ.

ಕ್ಲೀನ್ ಆದ್ಮೇಲೆ ಇಡೋ ರೀತಿ. ಲ್ಯಾಪ್‌ಟಾಪ್ ಗಾಳಿ ಎಳೆಯೋದು ಅಡಿಯಿಂದ, ಹಾಸಿಗೆ ಮೇಲೋ ಕಂಬಳಿ ಮೇಲೋ ಇಟ್ರೆ ಮೂಗು ಮುಚ್ಚಿದ ಹಾಗೆ. ಹಿಂದಿನ ಎರಡು ಮೂಲೆಗೆ ಎರಡು ಬೆರಳು ಎತ್ತರ ಏನಾದ್ರೂ ಕೊಡಿ, ಮರದ ತುಂಡಾದ್ರೂ ಸರಿ. ಕೂಲಿಂಗ್ ಪ್ಯಾಡ್‌ಗೆ ದುಡ್ಡು ಹಾಕೋ ಮುಂಚೆ ಇದನ್ನ ಮಾಡಿ ನೋಡಿ, ಒಳಗೆ ಕಟ್ಕೊಂಡಿದ್ರೆ ಪ್ಯಾಡ್ ಇಟ್ರೂ ಕೆಲವೇ ಡಿಗ್ರಿ ಇಳಿಯೋದು. ಧೂಳು ಹೋಗದಿರ್ಲಿ ಅಂತ ತೂತಿಗೆ ಬಟ್ಟೆ, ಸ್ಪಂಜು ಅಂಟಿಸಬೇಡಿ. ಅಡಿಕೆ ಬೇಯಿಸೋ ದಿನಗಳಲ್ಲಿ ಹೊಗೆ ಬರೋ ದಿಕ್ಕಿನ ಕಿಟಕಿ ಹಾಕ್ಕೊಂಡು ಕೆಲಸ ಮಾಡಿ, ಸಾಧ್ಯ ಆದ್ರೆ ಜಗಲಿ ಬಿಟ್ಟು ಒಳಗಿನ ಕೋಣೆಗೆ ಹೋಗಿ. ಮಳೆಗಾಲದಲ್ಲಿ ಲ್ಯಾಪ್‌ಟಾಪ್‌ನ ವಾರಗಟ್ಟಲೆ ಬೀರೂಲಿ ಮುಚ್ಚಿಡಬೇಡಿ, ದಿನಾ ಸ್ವಲ್ಪ ಹೊತ್ತು ಓಡಿದ್ರೆ ಅದರ ಬಿಸಿಗೇ ಒಳಗಿನ ತೇವ ಆರತ್ತೆ.

ಬೇಸಿಗೆಗೆ ಒಂದು ಲೆಕ್ಕ ನೆನಪಿಟ್ಕೊಳಿ, ಕೋಣೆ ಎಷ್ಟು ಡಿಗ್ರಿ ಏರತ್ತೋ ಚಿಪ್ಪೂ ಹೆಚ್ಚುಕಮ್ಮಿ ಅಷ್ಟೇ ಏರತ್ತೆ. ನಿಮ್ಮನೇಲಿ 24 ಡಿಗ್ರೀಲಿ 80 ತೋರ್ಸೋ ಲ್ಯಾಪ್‌ಟಾಪ್ ಏಪ್ರಿಲಲ್ಲಿ ಶಿವಮೊಗ್ಗ ಪೇಟೇಲಿ 36 ಡಿಗ್ರಿ ಕೋಣೇಲಿ 92 ತೋರ್ಸತ್ತೆ, ಅದು ಹೊಸ ಕಾಯಿಲೆ ಅಲ್ಲ. ಅಂಥ ದಿನ ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್ ಒಳಗೆ ಹೋಗಿ, ಅಡ್ವಾನ್ಸ್ಡ್ ಸೆಟ್ಟಿಂಗ್ಸಲ್ಲಿ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ತೆಗೆದು, ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ 100 ಇರೋದನ್ನ 99 ಮಾಡಿ. ಒಂದೇ ಅಂಕಿ ಇಳಿಸಿದ್ರೂ ಟರ್ಬೋ, ಅಂದ್ರೆ ಬೇಸ್ ಸ್ಪೀಡಿಗಿಂತ ಮೇಲೆ ಓಡೋದು, ಪೂರ್ತಿ ನಿಲ್ಲತ್ತೆ, ಬಿಸಿ ಚೆನ್ನಾಗಿ ಇಳಿಯತ್ತೆ, ಕಾಲ್ ಮಾಡಕ್ಕೆ, ಎಕ್ಸೆಲ್‌ಗೆ ಆ ವೇಗ ಸಾಕು. ಕೆಲವು ಲ್ಯಾಪ್‌ಟಾಪಲ್ಲಿ ಈ ಸೆಟ್ಟಿಂಗ್ ಕಾಣಲ್ಲ, ಅಲ್ಲಿ ಬೆಸ್ಟ್ ಪವರ್ ಎಫಿಶಿಯೆನ್ಸಿ ಅನ್ನೋದನ್ನ ಆರಿಸಿ. ವಿಡಿಯೋ ಕಾಲ್‌ನಲ್ಲಿ ಹಿಂದಿನ ಗೋಡೆ ಮಸುಕು ಮಾಡೋ ಬ್ಲರ್ ಹಾಕ್ಕೊಂಡಿದ್ರೆ ತೆಗೀರಿ, ಅದು ಒಂದೊಂದು ಚಿತ್ರದಲ್ಲೂ ನಿಮ್ಮ ಮುಖ ಹುಡುಕಿ ಕತ್ತರಿಸ್ಬೇಕು, ಚಿಪ್ಪಿಗೆ ಬಿಡುವೇ ಇರಲ್ಲ. ಎರಡೆರಡು ಆ್ಯಂಟಿವೈರಸ್ ಇದ್ರೆ ಒಂದನ್ನ ತೆಗೆದುಹಾಕಿ.

ಹೊಸದು ಬೇಕಾ ಅಂತ ಕೇಳಿದ್ರಲ್ಲ. ಹತ್ತನೇ ಜನರೇಷನ್ ಐ5 ವಿಂಡೋಸ್ 11 ಹಾಕ್ಕೊಳಕ್ಕೆ ಅರ್ಹ ಇದೆ, ವಿಂಡೋಸ್ 10ರ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್‌ಗೆ ಮುಗೀತು ಅಂತ ಯಾರಾದ್ರೂ ಹೆದರ್ಸಿದ್ರೆ ಅದಕ್ಕೂ ಹೊಸದು ಬೇಕಿಲ್ಲ. ಎಸ್‌ಎಸ್‌ಡಿ ಇದೆ, 8 ಜಿಬಿ ಇದೆ, ಸ್ಲಾಟ್ ಇದ್ರೆ ಇನ್ನೊಂದು 8 ಹಾಕ್ಸಿ. ಬೋರ್ಡ್ ಕಿಲುಬು ಹಿಡಿದು, ಬ್ಯಾಟರಿ ಊದಿ, ಹಿಂಜ್ ಕೂಡ ಮುರಿದಿದೆ ಅಂತ ಎಲ್ಲ ಒಟ್ಟಿಗೆ ಬಂದ್ರೆ ಮಾತ್ರ ಹೊಸದರ ಯೋಚನೆ ಮಾಡಿ.

ನೀವೇ ಬಿಚ್ಚಕ್ಕೆ ಧೈರ್ಯ ಬರ್ತಿಲ್ಲ ಅಂದ್ರೆ ತೀರ್ಥಹಳ್ಳೀಲೋ, ಶಿವಮೊಗ್ಗದ ನೆಹರು ರೋಡು, ದುರ್ಗಿಗುಡಿ ಕಡೇನೋ ಕೊಡಿ, ಆದ್ರೆ "ಸ್ಲೋ ಆಗಿದೆ ನೋಡಿ" ಅಂತ ಕೊಡಬೇಡಿ, ಹಾಗಂದ್ರೆ ಮತ್ತೆ ಫಾರ್ಮ್ಯಾಟೇ ಆಗೋದು. "ವಿಡಿಯೋ ಕಾಲ್‌ನಲ್ಲಿ ಇಷ್ಟು ಡಿಗ್ರಿ ಬರ್ತಿದೆ, ಫ್ಯಾನ್ ಬಿಚ್ಚಿ ಹಲ್ಲುಗಳ ಮಧ್ಯ ಕ್ಲೀನ್ ಮಾಡಿ, ಪೇಸ್ಟ್ ಬದಲಾಯ್ಸಿ, ಡೇಟಾ ಮುಟ್ಟಬೇಡಿ, ಬಿಚ್ಚಿದಾಗ ಒಂದು ಫೋಟೋ ತೆಗೆದು ಕಳಿಸಿ" ಅಂತ ಹೇಳಿ, ಒಳ್ಳೇ ಕೆಲಸಗಾರರು ಇದಕ್ಕೆ ಬೇಜಾರು ಮಾಡ್ಕೊಳಲ್ಲ. ವಾಪಸ್ ತಗೊಂಡ ದಿನ ಅದೇ ಕೋಣೇಲಿ ಕೂತು ಅದೇ ಇಪ್ಪತ್ತು ನಿಮಿಷದ ಕಾಲ್ ಮಾಡಿ ಡಿಗ್ರಿ ನೋಡಿ, ಆ ನಂಬರನ್ನೂ ತಾರೀಖನ್ನೂ ಸಣ್ಣ ಚೀಟೀಲಿ ಬರೆದು ಲ್ಯಾಪ್‌ಟಾಪ್ ಅಡಿ ಅಂಟಿಸಿ, ತೂತು ಬಿಟ್ಟು. ಮುಂದಿನ ವರ್ಷ ಅಡಿಕೆ ಕೊಯ್ಲು ಮುಗಿದ್ಮೇಲೆ ಮತ್ತೆ ಅಳೆದು ಆ ಚೀಟಿಗಿಂತ ಹತ್ತು ಡಿಗ್ರಿ ಮೇಲೆ ಹೋಗಿದ್ರೆ ಆಗ ಬಿಚ್ಚಿಸಿ.